ಮಗ್ಗದಲ್ಲಿ ಕೂತವರು ಯಾರು

ಆಗ ನಾನು ಬಾಗಲಕೋಟೆಯ ನವನಗರದ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಮನೋವಿಜ್ಞಾನ ಕಲಿಸುತ್ತಿದ್ದ ಮೇಡಂ ವಾರಕ್ಕೊಂದು ಪಾಠದ ಝೆರಾಕ್ಸ್ ಕೊಡುತ್ತಿದ್ದರು. ಅದನ್ನು ಓದಿ, ಒಂದು ಪುಟದಲ್ಲಿ ನಮ್ಮ ಅನಿಸಿಕೆ ಬರೆದು ಶುಕ್ರವಾರ ಒಪ್ಪಿಸಬೇಕು. ಮೊದಲು ಪೂರ್ವಗ್ರಹ ಬಂತು, ಆಮೇಲೆ ಗಂಡಸು ಹೆಂಗಸಿನ ಪಾತ್ರಗಳು, ಕೊನೆಗೆ ಮನವೊಲಿಸುವುದು ಹೇಗೆ ಎಂಬುದು. ಮೇಡಂ ಮೈಸೂರು ಕಡೆಯವರು. ಅವರ ಕನ್ನಡ ನಮಗೆ ರೇಡಿಯೋ ವಾರ್ತೆಯ ಹಾಗೆ ಕೇಳಿಸುತ್ತಿತ್ತು. "ಪುಸ್ತಕದ ಮಾತನ್ನು ನನಗೇ ವಾಪಸ್ ಕೊಡಬೇಡಿ. ನಿಮ್ಮ ಮನೆಯ ಉದಾಹರಣೆ ಕೊಡಿ" ಅನ್ನುತ್ತಿದ್ದರು.

ನನ್ನ ಪಕ್ಕ ಕೂಡುತ್ತಿದ್ದ ಬಾದಾಮಿಯ ಹುಡುಗಿಗೆ ಇದು ಕಷ್ಟವೇ ಆಗಲಿಲ್ಲ. "ನಮ್ಮ ಕಾಕಾ ಒಬ್ಬ ಅದಾನ. ಮೂರೂ ಪೇಪರಿಗೆ ಅವನೊಬ್ಬನ ಸಾಕು" ಎಂದು ನಗುತ್ತಿದ್ದಳು. ನನ್ನ ಬಳಿ ಅಂಥ ಕಾಕಾ ಇರಲಿಲ್ಲ. ನಾನು ಮನೆಯ ಬಗ್ಗೆ ಬರೆದೆ: "ನಮ್ಮ ಮನೆಯಲ್ಲಿ ಸೀರೆ ನೇಯುವವಳು ಅವ್ವ. ನೇಕಾರ ಅನ್ನಿಸಿಕೊಳ್ಳುವವನು ಅಪ್ಪ." ಮೇಡಂ ಆ ಎರಡು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: "ತುಂಬಾ ಚೆನ್ನಾಗಿದೆ. ಇದನ್ನು ಬದಲಾಯಿಸಲು ನೀವು ಏನು ಮಾಡಿದ್ದೀರಿ?"

ಆ ಪ್ರಶ್ನೆಯಿಂದ ನನಗೆ ಸಿಟ್ಟು ಬಂತು. ಉತ್ತರ ಇರಲಿಲ್ಲವಲ್ಲ, ಅದಕ್ಕೇ ಬಂದಿರಬೇಕು.

ನಮ್ಮ ಮನೆ ಇಳಕಲ್ಲಿನಲ್ಲಿ. ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲಿ ಕೂಡುತ್ತಿದ್ದವನು ಅಪ್ಪ. ಅವ್ವ ಲಾಳಿಯೊಳಗಿಡುವ ಕಂಡಕಿಗೆ ನೂಲು ಸುತ್ತುತ್ತಿದ್ದಳು, ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೈಗೆ ಉದ್ದೆಳೆಯ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಎಳೆ ಎಳೆಗೂ ಕುಣಿಕೆ ಕೂಡಿಸಿ ಒಂದು ಮಾಡುವುದಕ್ಕೆ ಕೊಂಡಿ ಅನ್ನುತ್ತಾರೆ. ಅದು ಹೆಂಗಸರ ಕೆಲಸ ಎಂದೇ ನಮ್ಮ ಓಣಿಯಲ್ಲಿ ಲೆಕ್ಕ. ಆಗ್ಗೆ ಮೂರು ವರ್ಷದ ಹಿಂದೆ ಅಪ್ಪನ ಬಲಗೈ ನಡುಗತೊಡಗಿತು. ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದ. ಗುಳಿಗೆ ತಂದ, ನಡುಕ ನಿಲ್ಲಲಿಲ್ಲ. ಒಂದು ದಿನ ಅವ್ವ ಕುಣಿಗೆ ಇಳಿದಳು. ಅದರ ಬಗ್ಗೆ ಮನೆಯಲ್ಲಿ ಯಾರೂ ಏನೂ ಮಾತಾಡಲಿಲ್ಲ. ನೂಲು ಕೊಡುವ ಸಾವಕಾರರಿಗೂ ಹೇಳಲಿಲ್ಲ. ಸೀರೆ ಮುಗಿದಾಗ ಅಪ್ಪನೇ ಒಯ್ದು ಕೊಡುತ್ತಿದ್ದ. ಸಾವಕಾರರು ಸೀರೆಯಂಚಿನ ರೇಷ್ಮೆ ದಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಕೈ ಇನ್ನೂ ಗಟ್ಟಿ ಐತಿ ನಿಂದು" ಅನ್ನುತ್ತಿದ್ದರಂತೆ. ಅಪ್ಪ ಮನೆಗೆ ಬಂದು ಅವರ ದನಿಯಲ್ಲೇ ಅದನ್ನು ಆಡಿ ತೋರಿಸುತ್ತಿದ್ದ. ಅವ್ವ ಲಾಳಿ ನಿಲ್ಲಿಸಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಆ ಝೆರಾಕ್ಸ್ ಓದುವ ತನಕ.

ಹೇಳದೆ ಇದ್ದುದಕ್ಕೆ ಕಾರಣವಿತ್ತು. ನೇಯುವಾಗ ಹಲಗೆ ಬಡಿಯುವ ಹೆಂಗಸರ ಪೆಟ್ಟು ಹಗುರ, ರೇಷ್ಮೆ ದಡಿಗೆ ಸಾಲುವುದಿಲ್ಲ ಎಂಬುದು ನಮ್ಮ ಸಾವಕಾರರ ನಂಬಿಕೆ. ಹೆಂಗಸರಿರುವ ಮಗ್ಗಕ್ಕೆ ಅವರು ಕೂಲಿ ಕಡಿಮೆಯ ಸಾದಾ ಹತ್ತಿಯ ಸೀರೆಯ ನೂಲು ಮಾತ್ರ ಕಳಿಸುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಇಲ್ಲಿಯೇ ಬರೆದುಬಿಡುತ್ತೇನೆ.

ಅದೇ ತಿಂಗಳು ಸರಕಾರದವರು ನೇಕಾರರ ಕಾರ್ಡಿನ ತಪಾಸಣೆಗೆ ಮನೆ ಮನೆಗೆ ಬರುತ್ತಾರೆಂದು ಸುದ್ದಿಯಾಯಿತು. ಯಾರು ನೇಯುತ್ತಾರೋ ಅವರ ಹೆಸರಿಗೇ ಕಾರ್ಡು. ಅವ್ವನ ಹೆಸರಿಗೆ ಮಾಡಿಸಬೇಕೆಂದು ನಾನು ನಿಶ್ಚಯಿಸಿದೆ. ದೊಡ್ಡ ಮಾತಿಗೆ ಒಪ್ಪಿಸಬೇಕಾದರೆ ಮೊದಲು ಸಣ್ಣ ಮಾತಿಗೆ ಒಪ್ಪಿಸಬೇಕು ಎಂದು ಓದಿದ್ದೆನಲ್ಲ, ಹಾಗೇ ಮಾಡಿದೆ. ಒಂದು ಶನಿವಾರ ಊರಿಗೆ ಬಂದಾಗ "ಅವ್ವಾ, ಆಧಾರ್ ಕಾರ್ಡ್ ಹುಡುಕಿ ಇಡು" ಅಂದೆ. ಇಟ್ಟಳು. ಮುಂದಿನ ಶನಿವಾರ ಫೋಟೋ ತೆಗೆಸಿದೆ. ಅದರ ಮುಂದಿನ ವಾರ, "ಕೇಳಿದ್ರ ನಾ ನೇಯ್ತೇನಿ ಅಂತ ಹೇಳು. ಅಷ್ಟ" ಅಂದೆ.

"ಹೂಂ, ಹೇಳೂಣು" ಅಂದಳು ಅವ್ವ, ರೊಟ್ಟಿ ಬಡಿಯುತ್ತ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ, "ಆಕಿ ಹೆಸರಿಗೆ ಆದ್ರ ನನಗೇನು ತ್ರಾಸು? ನಾ ಕಂಡಕಿ ಸುತ್ತಾಂವ ಅಂತ ಬರಸು" ಅಂದ. ಅವನು ತಮಾಷೆಗೆ ಹೇಳಿದನೋ ಖರೆ ಹೇಳಿದನೋ ನನಗೆ ಈಗಲೂ ತಿಳಿದಿಲ್ಲ.

ತಪಾಸಣೆಗೆ ಬಂದವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಕೈಯಲ್ಲಿ ಟ್ಯಾಬ್. ಅವನಿಗೆ ಓಣಿಗಳು ಗೊತ್ತಿರಲಿಲ್ಲವಾದ್ದರಿಂದ ದಾರಿ ತೋರಿಸಲು ಸಾವಕಾರರ ಗುಮಾಸ್ತ ಬಂದಿದ್ದ. ಗುಮಾಸ್ತ ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ಮೊಬೈಲ್ ನೋಡುತ್ತ ನಿಂತ. ನಾನು ಅವನನ್ನು ನೋಡಿದೆ. ಆಗಾಗ ನೂಲು ತಂದು ಹಾಕುವ ಮನುಷ್ಯ, ಏನೂ ಅನ್ನಿಸಲಿಲ್ಲ.

"ಮಗ್ಗದಾಗ ಕುಂಡ್ರವರು ಯಾರ್ರಿ?" ಎಂದ ಟ್ಯಾಬಿನವನು.

ನಾನು ಅವ್ವನ ಮುಖ ನೋಡಿದೆ. ಅವಳು ಒದ್ದೆಯಿಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇವರ ನೇಯ್ತಾರ್ರಿ. ನಾ ಸುಮ್ನ ಕಂಡಕಿ ಸುತ್ತತೇನಿ."

ನನ್ನ ಮೂರು ಶನಿವಾರಗಳು ಅಲ್ಲಿಗೆ ಮುಗಿದವು.

"ಹಂಗಾರ ಕುಂಡ್ರಿ ಕಾಕಾರ. ನೇಯೂದೊಂದು ವಿಡಿಯೋ ಬೇಕು. ಬರೇ ಫೋಟೋ ಒಪ್ಪೂದಿಲ್ಲ ಈಗ."

ಅಪ್ಪ ಒಮ್ಮೆ ಅವ್ವನ ಕಡೆ ನೋಡಿ ಕುಣಿಗೆ ಇಳಿದ. ಮುಂದೆ ಆದದ್ದು ಒಂದೆರಡು ನಿಮಿಷದ ಮಾತು. ಎಡಗೈಯಿಂದ ಹಲಗೆ ಹಿಡಿದ, ಬಲಗೈಯಲ್ಲಿ ಲಾಳಿಯ ಹಗ್ಗ ಹಿಡಿದ. ಮೊದಲ ಸಲ ಎಳೆದಾಗ ಲಾಳಿ ಅರ್ಧಕ್ಕೆ ನಿಂತಿತು. ಕೈಯಿಂದ ಅದನ್ನು ಹಿಂದೆ ಸರಿಸಿ ಮತ್ತೆ ಎಳೆದ. ಈ ಸಲ ಲಾಳಿ ದಡಿಯ ಎಳೆಗಳನ್ನು ಹರಿದುಕೊಂಡು ಹೊರಗೆ ಹಾರಿ, ಟ್ಯಾಬಿನವನ ಕಾಲ ಹತ್ತಿರ ಬಿತ್ತು. "ಇವತ್ತ ಲಾಳಿಗೆ ಮನಸಿಲ್ರಿ" ಅಂದ ಅಪ್ಪ. ಯಾರೂ ನಗಲಿಲ್ಲ. ಅವನು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ತೋಳು ಮಾತ್ರ ಅಲುಗುತ್ತಿತ್ತು.

ನನಗೆ ಅದನ್ನು ನೋಡಲಾಗಲಿಲ್ಲ. "ಅವ್ವ ನೇಯ್ತಾಳ್ರಿ. ಮೂರು ವರ್ಷ ಆತು. ಅಪ್ಪಗ ಕೈ ನಡಗತಾವ" ಅಂದುಬಿಟ್ಟೆ.

"ಮೊದಲ ಹೇಳಬೇಕಲ್ರಿ ಅಕ್ಕಾರ!" ಎಂದು ಟ್ಯಾಬಿನವನು ಅವ್ವನಿಗೆ ಹೇಳಿದ. ಅವನಿಗೆ ಹಗುರಾದಂತೆ ಕಂಡಿತು. ಅವ್ವ ಕುಣಿಗೆ ಇಳಿಯುವ ಮೊದಲು ಹರಿದ ಎಳೆಗಳನ್ನೆಲ್ಲ ಒಂದೊಂದಾಗಿ ಹುಡುಕಿ ಕಟ್ಟಿದಳು. ಅವನು ಎರಡು ಸಲ ಗಡಿಯಾರ ನೋಡಿದ. ಆಮೇಲೆ ಅವಳು ಕೂತು ನೇಯ್ದಳು, ಯಾರ ಮುಖವನ್ನೂ ನೋಡಲಿಲ್ಲ. ಅವನು ವಿಡಿಯೋ ಮಾಡಿಕೊಂಡು "ಬೆಸ್ಟ್ ಆತ್ರಿ" ಎಂದು ಹೊರಟ. ಗುಮಾಸ್ತ ಮೊಬೈಲ್ ಕಿಸೆಗೆ ಇಟ್ಟು, "ಬರ್ತೇನಿ ಅಣ್ಣಾ" ಅಂದ ಅಪ್ಪನಿಗೆ, ಎಂದಿನ ಹಾಗೆ.

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ನಾನು, "ಹೂಂ ಅಂದಿದ್ದೆಲ್ಲ ಅವ್ವಾ! ಒಂದು ಮಾತು ಹೇಳಾಕ ಏನಾಗಿತ್ತು ನಿನಗ?" ಎಂದು ಕೂಗಾಡಿದೆ.

"ಬಾಗಲದಾಗ ಯಾರು ನಿಂತಿದ್ರು, ನೋಡಿದೇನು?" ಅಂದಳು ಅವ್ವ.

ನನಗೆ ಓದಲು ಕೊಟ್ಟ ಹಾಳೆಗಳಲ್ಲಿ ಹೇಳುವವರ ಬಗ್ಗೆ ಇತ್ತು, ಕೇಳುವವರ ಬಗ್ಗೆಯೂ ಇತ್ತು. ಬಾಗಿಲಲ್ಲಿ ನಿಂತವರ ಬಗ್ಗೆ ಏನೂ ಇರಲಿಲ್ಲ. ಅಥವಾ ಇತ್ತೋ ಏನೋ, ನಾನು ಮಾರ್ಕ್ಸಿಗೆ ಬೇಕಾದಷ್ಟನ್ನೇ ಓದಿದ್ದೆ.

ಆ ಸೀರೆ ಮುಗಿದಾಗ ಅಪ್ಪ ಒಯ್ದು ಕೊಟ್ಟ. ಸಾವಕಾರರು ತಿರುಗಿಸಿ ಕಳಿಸಿದರು. ದಡಿ ಸಡಿಲ ಬಿದ್ದಿದೆ, ನೀವೇ ಇಟ್ಟುಕೊಳ್ಳಿ ಎಂದರಂತೆ. ಅವ್ವ ಅದನ್ನು ಬಿಚ್ಚಿ, "ಎಲ್ಲಿ ಸಡ್ಲ ಐತಿ ಅಂದ್ರು?" ಎಂದು ಕೇಳಿದಳು. ಅಪ್ಪ ಬೆರಳಿಟ್ಟು ತೋರಿಸಿದ. ಅದು ಲಾಳಿ ಹರಿದ ಜಾಗ ಆಗಿರಲಿಲ್ಲ. ಅದಕ್ಕಿಂತ ಒಂದು ಮೊಳ ಮೊದಲೇ, ಎಲ್ಲ ಸರಿಯಿದ್ದ ಜಾಗವಾಗಿತ್ತು. ನಂತರ ಬಂದ ನೂಲು ಸಾದಾ ಹತ್ತಿಯದು. "ತಪ್ಪಿ ಬಂದಿರಬೇಕು" ಅಂದ ಅಪ್ಪ. ಅದರ ನಂತರದ್ದೂ ಸಾದಾ.

ನಾನು ಸಾವಕಾರರ ಅಂಗಡಿಗೆ ಹೋದೆ. ಅವರು ನನಗೆ ಚಹಾ ತರಿಸಿದರು. ಯಾವ ಕ್ಲಾಸು, ಹಾಸ್ಟೆಲಿನಲ್ಲಿ ಊಟ ಚಲೋ ಇದೆಯೋ ಎಂದು ಕೇಳಿದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, "ಓದು ಚಲೋ ಮಾಡು ಮಗಳ" ಎಂದು ಎದ್ದು ಹೋದರು. ಗದರಿಸಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಗುಮಾಸ್ತನನ್ನು ಹಿಡಿದು ನಿಲ್ಲಿಸಿದೆ.

"ನೀವ ಹೇಳಿದ್ರಿ ಹೌದಲ್ಲ ಅವರಿಗೆ?"

"ನಾ ಯಾಕ ಹೇಳ್ಲಿ? ಆ ಟ್ಯಾಬಿನ ಹುಡುಗ ಇಲ್ಲೇ ಕುಂತು ಕಾರ್ಡಿನ ಪಟ್ಟಿ ಓದಿದ. ನನಗ ಮೂರು ವರ್ಷದಿಂದ ಗೊತ್ತೈತಿ, ತಂಗಿ. ನಿಮ್ಮಪ್ಪ ಚಹಾ ಕಪ್ಪ ಹಿಡಿಯೂದು ನಾ ನೋಡಿಲ್ಲೇನು?"

"ಗೊತ್ತಿದ್ರ ಮತ್ತ! ಹೋದ ತಿಂಗಳ ತನಕ ಇದ ಪೆಟ್ಟು ನಡೀತಿತ್ತಲ್ಲ?"

"ಹೋದ ತಿಂಗಳ ತನಕ ಅದು ನಿಮ್ಮಪ್ಪನ ಪೆಟ್ಟು."

ಅವನ ಮುಖದಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗೊತ್ತಿರುವುದನ್ನು ಯಾಕೆ ಹೇಳಬಾರದು ಎಂಬುದನ್ನು ಓದಿದ ಹುಡುಗಿಗೆ ತಿಳಿಸಿ ಹೇಳಬೇಕಾಯಿತಲ್ಲ ಎಂಬ ಬೇಸರ ಇತ್ತು, ಅಷ್ಟೇ. ಆ ವಾರದ ಪುಟದಲ್ಲಿ ಇದಿಷ್ಟನ್ನೂ ಬರೆದೆ. ಮೇಡಂ "ನಿಮ್ಮ ಧೈರ್ಯ ಮೆಚ್ಚತಕ್ಕದ್ದು" ಎಂದು ಬರೆದರು. ಆ ಹಾಳೆಯನ್ನು ಮನೆಗೆ ಒಯ್ಯಲಿಲ್ಲ.

ಕಾರ್ಡು ಬಂತು. ಅವ್ವನ ಫೋಟೋ, ಅವ್ವನ ಹೆಸರು. ಅಪ್ಪ ಅದನ್ನು ಓಣಿಯವರಿಗೆಲ್ಲ ತೋರಿಸಿ ಬಂದ. ಅವ್ವ ಅದೇ ಹೊತ್ತಿನಲ್ಲಿ ಸಾದಾ ಸೀರೆ ನೇಯುತ್ತಿದ್ದಳು. ಕೈ ಬಲ್ಲ ಕೆಲಸ ಬಿಟ್ಟು ಹೊಸಬರ ಕೆಲಸ ಮಾಡುವವರ ಮಗ್ಗದ ಸದ್ದು ಬೇರೆ ಇರುತ್ತದೆ. ಬಹಳ ಜೋರು, ಬಹಳ ಬೇಗ. ಎರಡು ತಿಂಗಳು ಅದನ್ನು ಕೇಳಿದೆವು. ಒಂದು ಶನಿವಾರ ನಾನು ಬಸ್ಸಿಳಿದು ಮನೆಗೆ ಬಂದಾಗ ಅವ್ವ ಒಳ್ಳೆಯ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. ಕೈಚೀಲದಲ್ಲಿ ಆ ತಿರುಗಿ ಬಂದ ಸೀರೆ.

"ಹುನಗುಂದಕ್ಕ ನಡಿ. ಅಲ್ಲೊಬ್ರು ಮಾಲಕರು ರೇಷ್ಮಿ ದಡಿ ಕೊಡತಾರಂತ. ಆದ್ರ ನೀ ಬಾಯಿ ತೆಗಿಬ್ಯಾಡ."

ಬಸ್ಸಿನಲ್ಲಿ ಇನ್ನೊಮ್ಮೆ ಹೇಳಿದಳು. ಅಂಗಡಿಯ ಮೆಟ್ಟಿಲ ಮೇಲೆ ಮತ್ತೊಮ್ಮೆ.

ಹುನಗುಂದದ ಮಾಲಕರು ವಯಸ್ಸಾದವರು. ಸೀರೆಯನ್ನು ಬಿಚ್ಚಿ, ಮಗುಚಿ ಹಾಕಿ, ಕೊಂಡಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ದಡಿಯ ಗುಂಟ ಬೆರಳು ಎಳೆಯುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಲಾಳಿ ಹರಿದಿದ್ದ ಜಾಗ ಅದೇ.

"ಇಲ್ಲಿ ಎಳಿ ಹರದಿದ್ವು."

"ಹೌದ್ರಿ" ಅಂದಳು ಅವ್ವ.

"ಕಟ್ಟಿದ್ದು ಚಲೋ ಆಗೇತಿ. ಯಾರ ಕೈ ಇದು?"

ಮಾಲಕರು ಸೀರೆಯಿಂದ ಕಣ್ಣು ಎತ್ತಿರಲಿಲ್ಲ. ನಾನು ಗೋಡೆಗೆ ಹಾಕಿದ್ದ ಕ್ಯಾಲೆಂಡರು ನೋಡುತ್ತ ಕೂತೆ. ನನ್ನ ನಾಲಿಗೆಯ ತುದಿ ಹಲ್ಲಿನ ನಡುವೆ ಇತ್ತು.

"ನಂದ್ರಿ" ಅಂದಳು ಅವ್ವ.

"ಹಾಂ. ಹಂಗಾರ ಗುರುವಾರ ನಿಮ್ಮ ಮನಿಯವರನ್ನ ಕಳಸ್ರಿ. ಮಾತಾಡೂಣು."

ನನಗೆ ಕೂಗಬೇಕೆನ್ನಿಸಿತು. ಅವ್ವ ನನ್ನ ಕಡೆ ತಿರುಗಿಯೂ ನೋಡದೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು. ಇನ್ನೊಂದು ಕೈಯಿಂದ ಸೀರೆಯನ್ನು ಹತ್ತಿರ ಎಳೆದುಕೊಂಡಳು.

"ಅವರಿಗೆ ಕೈ ನಡಗತಾವ್ರಿ. ಅವರು ಬಂದು ಏನ್ ಮಾತಾಡ್ತಾರ? ನೂಲು ನಾ ನೋಡಬೇಕು, ದಡಿ ನಾ ಹಾಕಬೇಕು. ನಾನ ಬರ್ತೇನಿ."

ಮಾಲಕರು ಆಗ ಅವ್ವನ ಮುಖ ನೋಡಿದರು. ಒಪ್ಪಿದರೋ ಇಲ್ಲವೋ ಆ ಮುಖದಿಂದ ತಿಳಿಯಲಿಲ್ಲ.

"ಹನ್ನೊಂದರ ಮ್ಯಾಲ ಬರ್ರಿ" ಅಂದರು.

ಇಳಕಲ್ಲಿನ ಬಸ್ಸಿಗೆ ಕಾಯುತ್ತ ನಿಂತಾಗ ನಾನು, "ಗುರುವಾರ ನಾನೂ ಬರ್ತೇನಿ. ಮತ್ತ ಮನಿಯವರನ್ನ ಕಳಸ್ರಿ ಅಂದ್ರ—" ಎಂದು ಶುರು ಮಾಡಿದೆ.

"ಗುರುವಾರ ನಿನಗ ಕಾಲೇಜು ಐತಿ" ಅಂದಳು ಅವ್ವ. "ನೀ ಬರಬ್ಯಾಡ."