ಮೂವತ್ತೊಂಬತ್ತರ ರೂಪಾಯಿ

ಜೀನ್ಸ್ ಕತ್ತರಿಸುವವನ ಕೈಗೆ ಅಂಥ ನಾಣ್ಯ ಬರುವ ಮಾತೇ ಇಲ್ಲ ಎಂದವನು ಬಳ್ಳಾರಿಯ ಒಬ್ಬ ನಾಣ್ಯದ ವ್ಯಾಪಾರಿ. ಹೇಳುವಾಗ ಅವನು ನಾಣ್ಯವನ್ನು ನೋಡುತ್ತಿರಲಿಲ್ಲ, ನಮ್ಮ ಕಟಿಂಗ್ ಮಾಸ್ತರರ ಬೆರಳುಗಳನ್ನು ನೋಡುತ್ತಿದ್ದ. ಆ ಬೆರಳುಗಳು ಉಗುರಿನ ಬುಡದವರೆಗೂ ನೀಲಿ. ಮೂವತ್ತು ವರ್ಷ ಜೀನ್ಸ್ ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿಸಿ ಹತ್ತಿದ ಬಣ್ಣ. ಸೋಪಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಬಿಳಿ ಅನ್ನದ ಮೇಲೆ ಆ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

ಆಂಧ್ರದ ಗಡಿಯ ರಾಯದುರ್ಗದ ಒಂದು ಓಣಿಯಲ್ಲಿದ್ದ ಜೀನ್ಸ್ ಹೊಲಿಯುವ ಘಟಕದಲ್ಲಿ ಅವರು ಮಾಸ್ತರ. ನಮ್ಮವ್ವ ಅಲ್ಲೇ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸಕ್ಕೆ ಗುಮ್ಮಘಟ್ಟದ ಕಡೆಯ ನಮ್ಮ ಹಳ್ಳಿಯಿಂದ ದಿನಾ ಆಟೋದಲ್ಲಿ ಬರುತ್ತಿದ್ದಳು. ಇಂಟರ್, ಅಂದರೆ ಕರ್ನಾಟಕದ ಪಿಯುಸಿ, ಮುಗಿಸಿದ ಬೇಸಿಗೆಯಲ್ಲಿ ನಾನೂ ಅವಳ ಜೊತೆ ಬಂದು ಮಷಿನ್ನಿಗೆ ಕುಳಿತೆ. ಮಾಸ್ತರರ ನಾಣ್ಯಗಳನ್ನು ಮೊದಲು ನೋಡಿದ್ದು ಆಗ.

ಪ್ಯಾಂಟಿನ ಗುಂಡಿ ಬರುವ ಡಬ್ಬಿಗಳಲ್ಲಿ, ಒಂದೊಂದನ್ನೂ ಜೇಬಿನ ಒಳಗೆ ಹೊಲಿಯುವ ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ ಇಟ್ಟಿದ್ದರು. ಆನೆ ಇರುವ ಮೈಸೂರಿನ ಕಾಸು, ನಿಜಾಮರ ತಾಮ್ರ, ನಡುವೆ ತೂತಿರುವ ಪೈಸೆ. ಓದಿದ್ದು ಐದನೇ ತರಗತಿ. ಆದರೆ ಭೂತಗನ್ನಡಿ ಹಿಡಿದರೆ ನಾಣ್ಯ ಎಲ್ಲಿ ಅಚ್ಚಾದದ್ದು ಎಂದು ಹೇಳುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಕಾಲು ಗಂಟೆ ಮಾತ್ರ ಡಬ್ಬಿ ತೆರೆಯುತ್ತಿದ್ದರು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಿದ್ದರು. ಅದು ಭಕ್ತಿ ಎಂದುಕೊಂಡಿದ್ದೆ. ಇದಕ್ಕೆಷ್ಟು ಬೆಲೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಇದರ ಬೆಲಿ ಇದಕ್ಕ ಗೊತ್ತಿಲ್ಲಪ್ಪ, ಅದಕ್ಕ ಇಷ್ಟು ತಣ್ಣಗ ಐತಿ."

ಎಲ್ಲಕ್ಕಿಂತ ಕೆಳಗಿನ ಡಬ್ಬಿಯಲ್ಲಿ ಸಾವಿರದ ಒಂಬೈನೂರ ಮೂವತ್ತೊಂಬತ್ತರ ಬೆಳ್ಳಿ ರೂಪಾಯಿ. ಆ ವರ್ಷದ ರೂಪಾಯಿ ಜನರ ಕೈಗೆ ಬಂದದ್ದೇ ಬಹಳ ಕಡಿಮೆ, ಅದು ಯಾರ ಹತ್ತಿರ ಇದೆಯೋ ಅವನು ಬಂದರೆ ನಾಣ್ಯದ ಹುಚ್ಚಿನವರು ಎದ್ದು ಕುರ್ಚಿ ಕೊಡುತ್ತಾರೆ ಎನ್ನುತ್ತಿದ್ದರು. ಅವರ ತಾಯಿಯ ಎಲೆಅಡಿಕೆ ಸಂಚಿಯಲ್ಲಿ ಐವತ್ತು ವರ್ಷ ಬಿದ್ದಿದ್ದ ನಾಣ್ಯ ಅದು. ಹೊಗೆ ಹಿಡಿದ ಗೋಡೆಯಂತೆ ಕಪ್ಪಾಗಿತ್ತು.

ಆ ಬೇಸಿಗೆಯ ಕೊನೆಗೆ ಘಟಕದ ಮಾಲೀಕರು ನನ್ನನ್ನು ಕಾಯಂ ಮಾಡುವ ಮಾತೆತ್ತಿದರು. ಅಪ್ಪ ಒಪ್ಪಿಯೂ ಆಗಿತ್ತು. ಮಾಸ್ತರ ನಾನು ಹೊಲಿದ ಪ್ಯಾಂಟೊಂದನ್ನು ಎತ್ತಿ ಎಲ್ಲರ ಮುಂದೆ ಮಾಲೀಕರಿಗೆ ತೋರಿಸಿದರು. "ಈ ಹುಡುಗಿ ಕೈ ನೆಟ್ಟಗಿಲ್ರಿ. ಹೊಲಿಗಿ ಹಾವು ಹೋದಂಗ ಹೋಗೇತಿ. ಇಟ್ಕೊಂಡ್ರ ಮಾಲು ವಾಪಸ್ ಬರ್ತೈತಿ ನೋಡ್ರಿ."

ಹೊಲಿಗೆ ನೆಟ್ಟಗಿತ್ತು. ನಾನು ಅತ್ತುಬಿಟ್ಟೆ. ಸಂಜೆ ಆಟೋ ಹತ್ತುವ ಮುಂಚೆ ಅವರು ಅವ್ವನ ಹತ್ತಿರ ಬಂದು, ಮಷಿನ್ನಿಗೆ ಬೇಡವಾದವಳು ಕಾಲೇಜಿಗಾದರೂ ಆದಾಳು, ಕಳಿಸಿ ನೋಡು ಎಂದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆ ಮಾತನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅದರ ಹಿಂದೆ ಅವರ ಆ ಸುಳ್ಳಿದೆ.

ಬಳ್ಳಾರಿಗೆ ಹೋದದ್ದು ನಾನು ಕೊನೆಯ ವರ್ಷದಲ್ಲಿದ್ದಾಗ. ಅಷ್ಟರಲ್ಲಿ ಮಾಸ್ತರರ ಎದೆ ಕೆಟ್ಟಿತ್ತು. ಬಟ್ಟೆಯ ಧೂಳು ಕುಡಿದು ಕುಡಿದು ನಾಲ್ಕು ಮಾತಿಗೊಮ್ಮೆ ಕೆಮ್ಮು. ಡಾಕ್ಟರು ಕಟಿಂಗ್ ಟೇಬಲ್ ಬಿಡಿ ಎಂದಿದ್ದರು. ಬಿಟ್ಟರೆ ಉಣ್ಣುವುದೇನು? ರೂಪಾಯಿ ಮಾರಿ ಟೇಬಲ್ ಬಿಡುತ್ತೇನೆ ಎಂದು ಅವರು ಹೊರಟರು. ಕಾಲೇಜಿಗೆ ಹೋಗುವವಳು ಪಕ್ಕದಲ್ಲಿದ್ದರೆ ಮರ್ಯಾದೆ ಎಂದು ನನ್ನನ್ನೂ ಕರೆದರು. ಆ ವ್ಯಾಪಾರಿ, ಮೂವತ್ತೆಂಟರ ಎಂಟನ್ನು ಕೆರೆದು ಒಂಬತ್ತು ಮಾಡಿದ್ದಾರೆ, ಇಂಥವು ವಾರಕ್ಕೆರಡು ಬರುತ್ತವೆ ಎಂದ. ಮಾಸ್ತರ ನಾಣ್ಯವನ್ನು ಚೂರುಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದರು.

ಮುಂಬೈಯಲ್ಲಿ ನಾಣ್ಯ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವವರಿದ್ದಾರೆ ಎಂದು ಫೋನಿನಲ್ಲಿ ಹುಡುಕಿದವಳು ನಾನು. ಇಂಗ್ಲಿಷಿನ ಫಾರಂ ತುಂಬಿದವಳು ನಾನು. ಕಳಿಸುವ ಹಿಂದಿನ ದಿನ ಅವರು ರೂಪಾಯಿಯನ್ನು ನನ್ನ ಕೈಗೆ ಕೊಟ್ಟರು. ಅದು ಅವರ ಡಬ್ಬಿ ಬಿಟ್ಟು ಬೇರೆಯವರ ಮನೆಗೆ ಹೋದದ್ದು ಅದೇ ಮೊದಲು.

ಮನೆಯಲ್ಲಿ ಅದನ್ನು ನೋಡಿ ನನಗೆ ಸಂಕಟವಾಯಿತು. ಬಳ್ಳಾರಿಯವನು ಮಾಸ್ತರರ ಬೆರಳು ನೋಡಿ ಹೀಗಳೆದಿದ್ದ. ಮುಂಬೈಯವರು ಈ ಕಪ್ಪು ನೋಡಿ ಹಾಗೇ ಹೀಗಳೆದರೆ? ನಮ್ಮಲ್ಲಿ ಬೆಳ್ಳಿಯ ಬಟ್ಟಲನ್ನು ಹಬ್ಬಕ್ಕೆ ಹೇಗೆ ಬೆಳಗುತ್ತಾರೋ ಹಾಗೆ, ಹುಣಸೆಹಣ್ಣು ಬೂದಿ ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿದೆ. ನಾಣ್ಯದ ಮೇಲಿನ ರಾಜನ ಕೆನ್ನೆ ಫಳಫಳ ಹೊಳೆಯಿತು. ಬೆಳಿಗ್ಗೆ ಓಡಿಬಂದು ತೋರಿಸಿದೆ.

ಮಾಸ್ತರ ಕಟಿಂಗ್ ಮಷಿನ್ ನಿಲ್ಲಿಸಿದರು. ಕಿಟಕಿಯ ಬೆಳಕಿಗೆ ನಾಣ್ಯವನ್ನು ವಾರೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಹಚ್ಚಿದೆ ಎಂದು ಕೇಳಿದರು. ಹೇಳಿದೆ.

"ಕಳಸವ್ವ," ಎಂದರು. "ಖರೇದೋ ಸುಳ್ಳೋ, ಅಷ್ಟರ ತಿಳೀಲಿ."

ಆಮೇಲೆ ಮಷಿನ್ ಹಾಕಿದರು. ಹಳೆಯ ನಾಣ್ಯ ಉಜ್ಜಿದರೆ ಅದರ ಬೆಲೆ ಹೋಗುತ್ತದೆ ಎಂದು ನಾನು ಓದಿದ್ದು ಪಾರ್ಸೆಲ್ ಹೋದ ಎಂಟನೇ ದಿನ. ಹೊಸ ಪ್ಯಾಂಟಿನ ಮೊಣಕಾಲು ಉಜ್ಜಿ ಹಳೆಯದು ಮಾಡಿದರೆ ಬೆಲೆ ಏರುವ ಜಾಗದಲ್ಲಿ ಬೆಳೆದವಳು. ನನಗೆ ತಿಳಿದಿರಲಿಲ್ಲ ಎಂದರೆ ನಿಜ. ಕೇಳಬಹುದಿತ್ತಲ್ಲ ಎಂದರೆ ಅದೂ ನಿಜ. ತಪ್ಪಾಯಿತು ಎನ್ನಲು ಹೋದೆ. ಅವರು ಬಟ್ಟೆಯ ಥಾನು ಹಾಸುತ್ತಿದ್ದರು. ಆ ಕಡೆಯ ಅಂಚು ಹಿಡಿ ಎಂದರು, ಹಿಡಿದೆ. ಪರೀಕ್ಷೆ ಯಾವಾಗ ಎಂದು ಕೇಳಿದರು. ಮಾತು ಅಲ್ಲಿಗೇ ಮುಗಿಯಿತು.

ಅವರು ಟೇಬಲ್ ಬಿಡಲಿಲ್ಲ. ನನ್ನ ಡಿಗ್ರಿ ಫಲಿತಾಂಶ ಬಂದ ದಿನ ಪೇಡೆ ಕೊಡಲು ಹೋದಾಗ ಅರ್ಧ ತಿಂದು ಕೆಮ್ಮಿ, ಉಳಿದರ್ಧವನ್ನು ಕಾಗದದಲ್ಲಿ ಮಡಚಿಟ್ಟರು. ಮಳೆಗಾಲ ಮುಗಿಯುವ ಮೊದಲೇ ಹೋದರು. ಹೋಗುವ ಹಿಂದಿನ ವಾರದವರೆಗೂ ಬಟ್ಟೆ ಕತ್ತರಿಸುತ್ತಿದ್ದರು.

ಪಾರ್ಸೆಲ್ ಬಂದದ್ದು ಅವರು ತೀರಿಕೊಂಡ ಮೇಲೆ, ನನ್ನ ವಿಳಾಸಕ್ಕೆ. ಗಾಜಿನಂಥ ಪೆಟ್ಟಿಗೆಯಲ್ಲಿ ರೂಪಾಯಿ, ಜೊತೆಗೆ ಸರ್ಟಿಫಿಕೇಟ್. ಅದನ್ನು ತೆಗೆದುಕೊಂಡು ಹೋದಾಗ ಮಾಸ್ತರರ ಹೆಂಡತಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ನಾನು ಒಂದು ಸಾಲೂ ಬಿಡದೆ ಕನ್ನಡದಲ್ಲಿ ಹೇಳಿದೆ: ನಾಣ್ಯ ಅಸಲಿ, ಮೂವತ್ತೊಂಬತ್ತರದೇ. ಇತ್ತೀಚೆಗೆ ಒರಟಾಗಿ ಉಜ್ಜಿದ ಗೀರುಗಳಿವೆ, ಆದ್ದರಿಂದ ದರ್ಜೆ ಕೊಡಲಾಗದು. ಮಾರಿದರೆ ಮೊದಲಿನ ಬೆಲೆ ಬರುವುದಿಲ್ಲ ಎಂದೂ ಹೇಳಿದೆ. ಉಜ್ಜಿದವರು ಯಾರೆಂದು ಮಾತ್ರ ಹೇಳಲಿಲ್ಲ. ಕಾಗದವನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಮೊರದ ಪಕ್ಕದಲ್ಲಿಟ್ಟು ಮತ್ತೆ ಅಕ್ಕಿಗೆ ಕೈ ಹಾಕಿದರು.

"ತಾವಾ ಉಜ್ಜಿ ಕೆಡಿಸಿದ್ದು ಅಂತ ಅವರು ನನಗ ಹೇಳಿದ್ರವ್ವ," ಎಂದರು. "ನಾನೂ ಹೌದ್ರಿ ಅಂದೆ. ಮೂವತ್ತು ವರ್ಸ ಅವರ ಜೋಡಿ ಬಾಳ್ವಿ ಮಾಡೀನಿ, ಒಂದು ಲೋಟಾನೂ ತೊಳದ ಮನಷ್ಯಾ ಅಲ್ಲ."