ಒಪ್ಪಿಗೆ ತಂದರೆ ಮಾತ್ರ ಅಚ್ಚು

ಅವರ ಮೂಗಿನ ತುದಿಯಲ್ಲಿ ಸದಾ ಒಂದು ಚೂರು ಗೋಂದು ಒಣಗಿ ಅಂಟಿಕೊಂಡಿರುತ್ತಿತ್ತು. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವುದು, ಅದೇ ಬೆರಳಿನಿಂದ ಜಾರುವ ಕನ್ನಡಕವನ್ನು ಮೇಲೆ ತಳ್ಳುವುದು, ಬೆಳಗಿನಿಂದ ಇದೇ ಕೆಲಸ. ಸಂಜೆಯ ಹೊತ್ತಿಗೆ ಮೂಗು ಹೊಳೆಯುತ್ತಿತ್ತು. ಹೇಳಿದರೂ ಒರೆಸಿಕೊಳ್ಳುತ್ತಿರಲಿಲ್ಲ. "ಇರ್ಲಿ ಬುಡಮ್ಮ, ನಾಳೆನೂ ಅಂಟ್ಕೊಳ್ಳೋದೆ ತಾನೆ" ಎನ್ನುತ್ತಿದ್ದರು. ಇಷ್ಟು ಸಣ್ಣ ವಿಷಯದಲ್ಲೇ ಮಾತು ಕೇಳದವರು ದೊಡ್ಡ ವಿಷಯದಲ್ಲಿ ಕೇಳುತ್ತಾರೆಂದು ನಾನು ಅಂದುಕೊಂಡದ್ದೇ ತಪ್ಪು.

ಮಂಡ್ಯದ ಪೇಟೆಬೀದಿಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ ಅವರ ಪುಸ್ತಕದಂಗಡಿ ಇತ್ತು. ಮುಂದುಗಡೆ ಗೈಡುಗಳು, ಜಾಮಿಟ್ರಿ ಬಾಕ್ಸು, ಪೊಲೀಸ್ ನೇಮಕಾತಿ ಪರೀಕ್ಷೆಯ ಪುಸ್ತಕಗಳು. ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿತ್ತು. ಹಿಂದುಗಡೆಯ ಕಪಾಟಿನಲ್ಲಿ ಮಾತ್ರ ಅವರೇ ಅಚ್ಚು ಹಾಕಿಸಿದ ಪುಸ್ತಕಗಳು. ಎಲ್ಲವೂ ಇಂಗ್ಲಿಷ್. ಎಲ್ಲವನ್ನೂ ಬರೆದವರು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯವರು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರ ಪತ್ತೇದಾರಿ ಕಾದಂಬರಿ, ಮಳವಳ್ಳಿಯ ಕಾಲೇಜು ಹುಡುಗಿಯೊಬ್ಬಳ ಕವಿತೆಗಳು, ಮದ್ದೂರಿನ ಹಲ್ಲಿನ ಡಾಕ್ಟರು ಕಪ್ಪೆಗಳ ಬಗ್ಗೆ ಬರೆದ ಪುಸ್ತಕ. ಕಪ್ಪೆ ಪುಸ್ತಕವನ್ನು ಹೊರಗಿನವರು ಕೊಂಡದ್ದನ್ನು ನಾನಂತೂ ನೋಡಲಿಲ್ಲ.

ಮಂಡ್ಯದಲ್ಲಿ ಇಂಗ್ಲಿಷ್ ಪುಸ್ತಕ ಹಾಕುವುದೆಂದರೆ ಬೈಸಿಕೊಳ್ಳುವ ಕೆಲಸವೇ. ಸನ್ಮಾನ, ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರೊಬ್ಬರು ಒಮ್ಮೆ ಅಂಗಡಿಗೇ ಬಂದು, ಈ ಮಣ್ಣಿನಲ್ಲಿ ಹುಟ್ಟಿ ಇಂಗ್ಲಿಷಿಗೆ ದುಡಿಯುತ್ತೀರಲ್ಲ ಎಂದು ದಬಾಯಿಸಿದರು. ಅಂಗಡಿಯವರು ಗೋಂದಿನ ಡಬ್ಬಿ ಮುಚ್ಚಿ ನಿಧಾನವಾಗಿ ಹೇಳಿದರು, "ಐಕ್ಳುನ್ನ ಇಂಗ್ಲಿಷ್ ಮೀಡಿಯಂಗೆ ಕಳ್ಸಿದ್ದು ನಾವೇ ತಾನೆ ಸಾ. ಈಗ ಅವ್ರಿಗೆ ಬರೋ ಬಾಸೇಲಿ ಬರೀತಾವ್ರೆ. ಬರ್ದಿದ್ನ ಎಸೆಯಾಕಾಯ್ತದಾ?" ಹಿರಿಯರು ಮೊಮ್ಮಗಳಿಗೆ ಇಂಗ್ಲಿಷ್ ವ್ಯಾಕರಣದ ಗೈಡು ತೆಗೆದುಕೊಂಡು ಹೋದರು.

ನಾನು ಮದ್ದೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನನ್ನ ಹಸ್ತಪ್ರತಿಯನ್ನು ಹಿಡಿದು ಆ ಸಂದಿಗೆ ಹೋದಾಗ ನನಗೆ ಆ ಅಂಗಡಿಯ ಪದ್ಧತಿ ಗೊತ್ತಿರಲಿಲ್ಲ. ಬರೆದವರೇ ನಿಂತು ಗಟ್ಟಿಯಾಗಿ ಓದಬೇಕು. ಕುರ್ಚಿ ಕೊಡುತ್ತಿರಲಿಲ್ಲ. ಗರಗರ ಎನ್ನುವ ಫ್ಯಾನನ್ನೂ ಆರಿಸಿಬಿಡುತ್ತಿದ್ದರು. ಏಪ್ರಿಲ್ ತಿಂಗಳ ಧಗೆಯಲ್ಲಿ ನಾನು ಬೆವರು ಒರೆಸಿಕೊಳ್ಳುತ್ತಾ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಮಧ್ಯೆ ಯಾರಾದರೂ ಬಂದು "ಸಾ, ಎಸ್ಸೆಸ್ಸೆಲ್ಸಿ ಗಣಿತದ್ದು ಐತಾ?" ಎಂದರೆ ಎದ್ದು ಕೊಟ್ಟು, ಚಿಲ್ಲರೆ ಎಣಿಸಿ, ಮತ್ತೆ ಕಣ್ಣು ಮುಚ್ಚಿ "ಊಂ, ಓದಮ್ಮ" ಎನ್ನುತ್ತಿದ್ದರು. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಕರಡು ತಿದ್ದಿದವರು. ಇಂಗ್ಲಿಷ್ ಒಂದು ಮಾತೂ ಆಡುತ್ತಿರಲಿಲ್ಲ, ಆದರೆ ನನ್ನ ವಾಕ್ಯ ಎಲ್ಲಿ ಕುಂಟಿತೋ ಅಲ್ಲಿ ಅವರ ಹುಬ್ಬು ಏಳುತ್ತಿತ್ತು. ಆ ಹುಬ್ಬನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಪುಸ್ತಕ ನನ್ನ ಸೋದರತ್ತೆಯ ಕಥೆ. ನಮ್ಮಪ್ಪನ ತಂಗಿ, ಕಿರುಗಾವಲಿನವಳು. ಮಳವಳ್ಳಿ ಹತ್ತಿರದ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡನ ಕೈಯಲ್ಲಿ ಏಟು ತಿಂದು ಸಾಕಾಗಿ, ಒಂದು ಬೆಳಿಗ್ಗೆ ಒಂದು ಚೀಲ ಹಿಡಿದು ಬಸ್ಸು ಹತ್ತಿ ಗೆಜ್ಜಲಗೆರೆಗೆ ಹೋಗಿ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿಕೊಂಡಳು. ನಮ್ಮ ಮನೆಯವರು ಊರಿಗೆಲ್ಲ, ಅವಳಿಗೆ ಮೈಗೆ ಹುಷಾರಿಲ್ಲ, ನೆಂಟರ ಮನೆಯಲ್ಲಿದ್ದಾಳೆ ಎಂದು ಹೇಳಿದರು. ಒಂದು ವರ್ಷ ಕಳೆದ ಮೇಲೆ ಅಪ್ಪ ಹೋಗಿ ಎಳೆದುಕೊಂಡು ಬಂದು ತವರಲ್ಲಿ ಕೂರಿಸಿದ. ಅಲ್ಲಿಂದ ಅವಳು ರವಿಕೆ ಹೊಲಿದುಕೊಂಡೇ ಬದುಕಿದ್ದಾಳೆ, ಆ ವರ್ಷದ ಮಾತು ಯಾರೂ ಎತ್ತುವುದಿಲ್ಲ. ಪುಸ್ತಕದ ನಡುಮಧ್ಯದ ಅಧ್ಯಾಯ ಆ ಬಸ್ ಪ್ರಯಾಣ. ಕಿಟಕಿಗೆ ಹಣೆ ಆನಿಸಿ ಅವಳು ಅಳುವ ಒಂದು ಪುಟ ಇತ್ತು. ನಾನು ಬರೆದುದರಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ನನ್ನ ಗೆಳತಿಯರೆಲ್ಲ ಹೇಳಿದ್ದರು.

ಕೊನೆಯ ಪುಟ ಓದಿ ಮುಗಿಸಿದೆ. ಅಂಗಡಿಯವರು ಫ್ಯಾನು ಹಾಕಿದರು. ಹೊಗಳುತ್ತಾರೆ ಎಂದು ಕಾದೆ.

"ಆಯಮ್ಮ ಬದುಕವ್ಳಾ?"

ಇದ್ದಾಳೆ ಎಂದೆ.

"ಇದ್ನೆಲ್ಲ ಆಯಮ್ಮಂಗೆ ಯೋಳಿದ್ದೀಯಾ?"

ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದೆ.

"ನಿಂಗೆ ಕನ್ನಡ ಬತ್ತದಲ್ಲ. ಕೂತ್ಕೊಂಡು ಮೊದ್ಲಿಂದ ಕೊನೆಗಂಟ ಯೋಳು. ಆಗ್ಬೋದು ಅಂದ್ರೆ ತಕ್ಕಂಡ್ ಬಾ. ಅಚ್ಚಾಕ್ತೀನಿ."

ಅದೇ ಅವರ ನಿಯಮ. ಪತ್ತೇದಾರಿ ಕಾದಂಬರಿಯ ಖಳನಾಯಕ ಬರೆದವರ ಭಾವಮೈದುನನ ಪಡಿಯಚ್ಚು ಎಂದು ಗೊತ್ತಾದಾಗ ಅವರನ್ನೂ ಭಾವಮೈದುನನ ಮನೆಗೆ ಓಡಿಸಿದ್ದರಂತೆ. ಆ ಪುಣ್ಯಾತ್ಮ ಪೂರ್ತಿ ಕಥೆ ಕೇಳಿ, ಖಳನಾಯಕನಿಗೆ ಒಂದು ಕಾರು ಕೊಡಿಸುವುದಾದರೆ ಅಡ್ಡಿಯಿಲ್ಲ ಎಂದನಂತೆ. ಕೊಡಿಸಿದರು.

ನಾನು ಜಗಳಕ್ಕೇ ನಿಂತೆ. ಬರವಣಿಗೆ ಎಂದರೆ ಗ್ರಾಮ ಪಂಚಾಯ್ತಿಯ ಲೈಸೆನ್ಸಲ್ಲ ಎಂದೆ. ಎಲ್ಲರ ಒಪ್ಪಿಗೆ ಪಡೆದು ಬರೆಯಲು ಹೊರಟರೆ ಲೋಕದಲ್ಲಿ ಅರ್ಧ ಪುಸ್ತಕಗಳು ಹುಟ್ಟುತ್ತಲೇ ಇರಲಿಲ್ಲ ಎಂದೆ. ಅವರು ಕನ್ನಡಕ ತಳ್ಳಿಕೊಂಡರು. "ಕನ್ನಡದಾಗೆ ಬರ್ದ್ರೆ ಊರೋರೇ ಬಂದು ಕೊಳ್ಪಟ್ಟಿ ಇಡ್ಕೋತಾರೆ ಕಣಮ್ಮ. ಇಂಗ್ಲಿಷ್ನಾಗೆ ಬರ್ದ್ರೆ ಯಾರು ಇಡ್ಕೋತಾರೆ? ಅದ್ಕೆ ನಾನ್ ಇಡ್ಕೋತೀನಿ."

ಈ ನಿಯಮ ತಪ್ಪು ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ. ಅವರಿಗೇ ಒಮ್ಮೆ ಅದು ತಿರುಗಿ ಬಿತ್ತು. ಮಳವಳ್ಳಿ ಕಡೆಯ ಯುವಕನೊಬ್ಬ, ಬೌದ್ಧ ಮನೆತನದವನು, ಬ್ಯಾಂಕಿನಲ್ಲಿ ಕೆಲಸ, ತನ್ನ ತಾತನನ್ನು ಊರಿನ ಜಮೀನ್ದಾರರೊಬ್ಬರು ಕಂಬಕ್ಕೆ ಕಟ್ಟಿ ಹೊಡೆಸಿದ್ದನ್ನು ಬರೆದು ತಂದಿದ್ದ. "ಯಾರನ್ನ ಕೇಳಲಿ ಸಾರ್, ಅವರನ್ನಾ?" ಎಂದ. ಅವತ್ತು ನಾನೂ ಅಂಗಡಿಯಲ್ಲಿದ್ದೆ, ಒಳಗೊಳಗೇ ಖುಷಿಪಟ್ಟೆ. ಅಂಗಡಿಯವರು ಗೋಂದಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಂದು ತಪ್ಪಾಯ್ತು ಕಣಪ್ಪ. ಒಡ್ದೋನ್ನ ಕೇಳೋದು ಬ್ಯಾಡ, ಒಡ್ಸ್ಕೊಂಡೋರ್ನ ಕೇಳು" ಎಂದರು. ತಾತ ಒಪ್ಪಿದರು, ಪುಸ್ತಕ ಬಂತು. ನಿಯಮ ಮುರಿಯುತ್ತದೆ ಎಂದು ಆಸೆಪಟ್ಟವಳಿಗೆ ಅದು ಇನ್ನಷ್ಟು ಬಿಗಿಯಾಗಿ ಎದುರು ನಿಂತಿತು.

ನಾನು ಅತ್ತೆಯನ್ನು ಕೇಳಲು ಹೋಗಲಿಲ್ಲ. ಹಟ ಎಂದರೆ ಹಟ. ಬೇರೆ ಕಡೆ ಕಳಿಸಿದರಾಯಿತು ಎಂದುಕೊಂಡು ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ. ಅಂಗಡಿಯವರು ಮಾತ್ರ ನಾನು ಯಾವ ಪುಸ್ತಕ ಕೊಳ್ಳಲು ಹೋದರೂ "ಯೋಳ್ದಾ?" ಎಂದು ಕೇಳುತ್ತಿದ್ದರು. ಪೆನ್ನಿನ ರೀಫಿಲ್ಲಿಗೆ ಹೋದರೂ ಅದೇ ಪ್ರಶ್ನೆ. ಕೊನೆಗೆ ರೀಫಿಲ್ಲನ್ನು ಮದ್ದೂರಿನಲ್ಲೇ ಕೊಳ್ಳತೊಡಗಿದೆ.

ಹೋದ ವರ್ಷ ದೀಪಾವಳಿಗೆ ಕಿರುಗಾವಲಿಗೆ ಹೋದಾಗ ತಡೆಯಲಾರದೆ ಪುಸ್ತಕದಲ್ಲಿರುವುದನ್ನೆಲ್ಲ, ಅವಳು ಒಪ್ಪದೆ ಅದು ಅಚ್ಚಾಗದು ಎಂಬುದನ್ನೂ ಸೇರಿಸಿ, ಹೇಳಿದೆ. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೇಳುತ್ತಾ ಹೋದಂತೆ ಅವಳ ಕಾಲು ತುಳಿಯುವುದು ನಿಂತಿತು. ಗಂಡನ ಮನೆ, ಏಟು, ಚೀಲ, ಬಸ್ ಸ್ಟ್ಯಾಂಡು. ಅವಳು ತಲೆ ಎತ್ತಲಿಲ್ಲ. ಕಿಟಕಿಗೆ ಹಣೆ ಆನಿಸಿ ಅತ್ತದ್ದನ್ನು ಹೇಳಿದೆ.

"ನಾನೆಲ್ಲವ್ವ ಅತ್ತಿದ್ದು?"

ಅತ್ತಿರಲಿಲ್ಲವೇ ಎಂದೆ.

"ಇಲ್ಲ ಕಣವ್ವ. ನಿದ್ದೆ ಒಡ್ದೆ. ಆ ಮನೇಲಿ ಎಷ್ಟು ದಿನದಿಂದ ನಿದ್ದೆ ಕೆಟ್ಟಿದ್ನೋ. ಸೀಟು ಸಿಕ್ತಿದ್ದಂಗೆ ಮಲೀಕಬುಟ್ಟೆ. ಮದ್ದೂರ್ ಬಂತು ಎದ್ದೇಳಮ್ಮ ಅಂತ ಕಂಡಕ್ಟ್ರು ತಟ್ಟಿ ಎಬ್ಬುಸ್ದ. ಅಂಗೆ ಬರಿ."

ಉಳಿದದ್ದನ್ನೂ ಕೇಳಿ, ಆಗಬಹುದು ಎಂದಳು. "ಅವ್ಳು ನೆಂಟ್ರ ಮನೇಲಿರ್ಲಿಲ್ಲ ಅಂತ ಈಗ್ಲಾದ್ರೂ ಗೊತ್ತಾಗ್ಲಿ" ಎಂದಳು. ಆಮೇಲೆ, ತನ್ನ ಕಿವಿಗೆ ಹಾಕದೆ ಅಚ್ಚು ಹಾಕುವುದಿಲ್ಲ ಎಂದವರು ಯಾರು ಎಂದು ವಿಚಾರಿಸಿದಳು. ಮಂಡ್ಯದ ಅಂಗಡಿಯವರು ಎಂದೆ. ಅವರ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಹೇಳಿಕೊಂಡೆ. ಅವಳು, "ಒಂದಿನ ಕರ್ಕೊಂಡೋಗು, ಆವಯ್ಯನ ನೋಡ್ಬೇಕು" ಎಂದಳು.

ಅಂಗಡಿಯವರಿಗೆ ಫೋನು ಮಾಡಿದೆ. ಅಳಲಿಲ್ಲವಂತೆ, ನಿದ್ದೆ ಮಾಡಿದಳಂತೆ ಎಂದು ಸಿಡುಕಿಕೊಂಡೇ ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು. "ನೋಡ್ದಾ, ನಿನ್ಗಿಂತ ಚೆಂದಾಗಿ ಬರೀತಾಳೆ ಆಯಮ್ಮ. ಅಳೋದ ಕಿತ್ತಾಕು. ಸೋಮ್ವಾರ ತಕ್ಕಂಡ್ ಬಾ, ಅಚ್ಚಿಗ್ ಕೊಡಾನ. ನಿಮ್ಮತ್ತೇನೂ ಕರ್ಕೊಂಡ್ ಬಾ." ಅಷ್ಟು ಚೆನ್ನಾಗಿ ಬರೆದ ಪುಟವನ್ನು ಹರಿದು ಹಾಕಿ, ಆ ರಾತ್ರಿಯೇ ನಿದ್ದೆಯ ಪುಟ ಬರೆದೆ. ಶನಿವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ.

ಇಷ್ಟು ವರ್ಷ ಸತಾಯಿಸಿ, ಹೂಂ ಎಂದ ವಾರದಲ್ಲೇ ಹೋಗಿಬಿಡುವುದೇ? ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನನಗಂತೂ ಬಂತು, ಇನ್ನೂ ಇಳಿದಿಲ್ಲ. ಅಂಗಡಿ ನಡೆಸುವವರಿಲ್ಲ. ಹಿಂದಿನ ಕಪಾಟಿನ ಪುಸ್ತಕಗಳನ್ನು ಬರೆದವರೇ ಬಂದು ಮೂಟೆ ಕಟ್ಟಿಕೊಂಡು ಹೋದರು. ಹಲ್ಲಿನ ಡಾಕ್ಟರು ಕಪ್ಪೆ ಪುಸ್ತಕಗಳನ್ನು ಆಟೊಗೆ ಹೇರುವಾಗ ಸಣ್ಣ ಮಕ್ಕಳ ಹಾಗೆ ಅತ್ತರು.

ಬೆಂಗಳೂರಿನ ಪ್ರಕಾಶನದವರೊಬ್ಬರು ಈ ವರ್ಷ ನಾನು ತಿದ್ದಿ ಕಳಿಸಿದ ಹಸ್ತಪ್ರತಿ ಓದಿ ಫೋನು ಮಾಡಿದರು. ತುಂಬಾ ಇಷ್ಟವಾಯಿತಂತೆ. ಬಸ್ಸಿನ ಅಧ್ಯಾಯ ಮಾತ್ರ ತಣ್ಣಗಿದೆಯಂತೆ. ಅಷ್ಟೆಲ್ಲ ಅನುಭವಿಸಿದ ಹೆಂಗಸು ಸುಮ್ಮನೆ ನಿದ್ದೆ ಮಾಡುವುದೇ, ಕಿಟಕಿಯ ಪಕ್ಕ ಕೂತು ಸ್ವಲ್ಪ ಅಳುವಂತೆ ಮಾಡಲಾಗದೇ ಎಂದರು. ಹಳೆಯ ಪುಟದ ವಿಚಾರ ಅವರಿಗೆ ಗೊತ್ತೇ ಇರಲಿಲ್ಲ. ನನಗೆ ನಗಬೇಕೋ ಫೋನು ಎಸೆಯಬೇಕೋ ತಿಳಿಯಲಿಲ್ಲ. ಅವಳು ಅಳಲಿಲ್ಲ ಎಂದೆ. ಯೋಚಿಸಿ ತಿಳಿಸುತ್ತೇವೆ ಎಂದವರು ತಿಳಿಸಿಲ್ಲ. ಒಪ್ಪಿಬಿಡಬಹುದಿತ್ತು. ಪುಟ ನನ್ನ ತಲೆಯಲ್ಲಿ ಇನ್ನೂ ಹಾಗೇ ಇದೆ, ಕೂತರೆ ಒಂದು ಗಂಟೆಯ ಕೆಲಸ. ಅಚ್ಚಾದ ನನ್ನ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬ ಆಸೆ ನನಗೆ ಸಣ್ಣದಲ್ಲ.

ಒಪ್ಪದಿರಲು ಕಾರಣ ಅಂಗಡಿಯವರ ತಿಥಿಯ ದಿನ ನಡೆದದ್ದು. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಕಿರುಗಾವಲಿನಿಂದ ಬಸ್ಸು ಹತ್ತಿ ಬಂದಿದ್ದಳು. ನೋಡಿಯೇ ಇಲ್ಲದವರ ತಿಥಿಗೆ ಯಾಕೆ ಎಂದರೆ ಕೇಳಲಿಲ್ಲ. ಮಂಡ್ಯದ ಅವರ ಮನೆಯಲ್ಲಿ ಹಾರ ಹಾಕಿದ ಫೋಟೊದ ಮುಂದೆ ಕೈಮುಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಊಟಕ್ಕೆ ಕರೆದರೂ ಕದಲಲಿಲ್ಲ. ನಾನು ತೋಳು ಹಿಡಿದು ಎಳೆದೆ.

"ಇರವ್ವ" ಎಂದಳು. "ಮದ್ವೆ ಮಾಡುವಾಗ ನನ್ನ ಯಾರೂ ಕೇಳ್ಳಿಲ್ಲ. ಗೆಜ್ಜಲಗೆರೆಯಿಂದ ಎಳ್ಕೊಂಡ್ ಬರುವಾಗ ನಿಮ್ಮಪ್ಪ ಕೇಳ್ಳಿಲ್ಲ. ಬರ್ಯುವಾಗ ನೀನೂ ಕೇಳ್ಳಿಲ್ಲ. ಗುರ್ತಿಲ್ಲ, ಪರಿಚಯ ಇಲ್ಲ, ಈವಯ್ಯ ಒಬ್ನೇ ಅವ್ಳುನ್ನ ಕೇಳು ಅಂದಿದ್ದು."

ಈ ಮಾತನ್ನು ಬರೆಯಲೇ ಎಂದು ಮೊನ್ನೆ ಅವಳಿಗೆ ಫೋನು ಮಾಡಿದೆ. ಯಾವ ಭಾಷೆಯಲ್ಲಿ ಎಂದಳು. ಕನ್ನಡದಲ್ಲಿ ಎಂದೆ. "ಬರಿ" ಎಂದಳು.