ಚಪ್ಪಲಿಯೇ ಬ್ರೇಕು

ನಮ್ಮ ಕಡೆಯ ಜನ ಸೈಕಲ್ಲನ್ನು ಕೈಯಿಂದ ನಿಲ್ಲಿಸುವುದಿಲ್ಲ, ಕಾಲಿನಿಂದ ನಿಲ್ಲಿಸುತ್ತಾರೆ. ಇಳಿಜಾರು ಬಂತೋ, ಚಪ್ಪಲಿಯನ್ನು ನೆಲಕ್ಕೊತ್ತಿ ಪರ್‍ರ್ ಎಂದು ಉಜ್ಜುತ್ತ ಹೋಗುವುದು. ಚಿಕ್ಕೋಡಿಯಲ್ಲಿ ಯಾರ ಚಪ್ಪಲಿ ತಿರುವಿ ನೋಡಿದರೂ ಒಂದು ಕಾಲಿನದು ಮೊದಲು ಸವೆದಿರುತ್ತದೆ. ನನ್ನದೂ ಸವೆಯುತ್ತಿತ್ತು, ಅದೇನು ದೊಡ್ಡ ಮಾತಲ್ಲ ಎಂದುಕೊಂಡಿದ್ದೆ. ಈಗ ಆ ಸದ್ದು ಕೇಳಿದರೆ ಮೈ ಉರಿಯುತ್ತದೆ.

ಇದಕ್ಕೆಲ್ಲ ಮೂಲ ನನ್ನ ಸೊಂಟ. "ಇನ್ನ ಮ್ಯಾಲ ಸೈಕಲ್ ಸೀಟ್ ಮರತಬಿಡ್ರಿ ಮಾಸ್ತರ" ಎಂದರು ಡಾಕ್ಟರು. ಮರೆತರೆ ಶಾಲೆಗೆ ಹೋಗುವುದು ಹೇಗೆ? ದಿನವೂ ಯಾರದೋ ಬೈಕಿನ ಹಿಂದೆ ಮೂಟೆಯಾಗಿ ಕೂರಬೇಕೇ? ಆಗ ಮೊಬೈಲಿನಲ್ಲಿ ಕಂಡದ್ದು ಒರಗಿ ತುಳಿಯುವ ಸೈಕಲ್. ಆರಾಮಕುರ್ಚಿಗೆ ಗಾಲಿ ಹಚ್ಚಿದ ಹಾಗೆ; ಬೆನ್ನು ಹಿಂದಕ್ಕೆ, ಕಾಲು ಮುಂದಕ್ಕೆ, ಸೊಂಟಕ್ಕೆ ಸ್ವರ್ಗ.

ವೆಲ್ಡಿಂಗ್ ಅಂಗಡಿಯ ದಸ್ತಗೀರ ಅದನ್ನು ಕಟ್ಟಿಕೊಟ್ಟ. ಎರಡು ಕನ್ನಡಿ, ಕಿವಿ ಕಿತ್ತುಹೋಗುವ ಹಾರ್ನು, ಮಿಣಮಿಣ ಕೆಂಪು ದೀಪ ಎಲ್ಲ ಇತ್ತು. ಬ್ರೇಕು ಮಾತ್ರ ಹಿಂದಿನ ಗಾಲಿಗೊಂದೇ ಜೋಡಿ ರಬ್ಬರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಕೇಳಿದರೆ, "ಅಷ್ಟ ಸಾಕ್ರಿ ಮಾಸ್ತರ, ಉಳಿದಿದ್ದಕ್ಕ ಕಾಲ ಅದಾವಲ್ರಿ" ಎಂದ.

ಅಂಕಲಿಯ ಕಡೆ ಮೊದಲ ಸಲ ಇಳಿಯುವಾಗ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಹೊರಟಿತ್ತು. ಬ್ರೇಕು ಒತ್ತಿದೆ. ರಬ್ಬರು ಕುಂಯ್ ಎಂದಿತೇ ಹೊರತು ಸೈಕಲ್ ನಿಲ್ಲಲಿಲ್ಲ. ರೂಢಿ ನೋಡಿ, ಕಾಲು ತಾನಾಗಿ ಪೆಡಲ್ ಬಿಟ್ಟು ನೆಲಕ್ಕೆ ಚಾಚಿತು. ನೆಲವೆಲ್ಲಿ, ಕಾಲೆಲ್ಲಿ! ಅದು ಗಾಳಿಯಲ್ಲಿ ಒದ್ದಾಡಿತು. ಹ್ಯಾಂಡಲ್ ತಿರುವಿ ಹೊಲದ ರವದಿಯ ರಾಶಿಗೆ ನುಗ್ಗಿದೆ. ಕಬ್ಬಿನ ಆ ಒಣಗರಿ ಮೈತುಂಬ ಗೀರಿದರೂ ಜೀವ ಉಳಿಸಿತು.

"ಬ್ರೇಕ್ ಬರೋಬರಿ ಆಗೂತನಾ ಇದು ಹೊಸ್ತಿಲಾ ದಾಟಂಗಿಲ್ಲ" ಎಂದು ಹೆಂಡತಿ ಸೈಕಲ್ಲನ್ನು ಕಿಟಕಿಯ ಸರಳಿಗೆ ಸರಪಳಿ ಬಿಗಿದು ಬೀಗ ಹಾಕಿದಳು.

ನಾನು ಬ್ರೇಕುಶಾಸ್ತ್ರದ ಅಧ್ಯಯನಕ್ಕಿಳಿದೆ. ಒರಗು ಸೈಕಲ್ಲಿನಲ್ಲಿ ಹಿಂದಿನ ಗಾಲಿ ಬಲು ದೂರ. ಅಷ್ಟುದ್ದದ ತಂತಿ ಹಿಗ್ಗಿ ಕುಗ್ಗಿ ನಮ್ಮ ಕೈಯ ಬಲವನ್ನು ದಾರಿಯಲ್ಲೇ ತಿಂದುಬಿಡುತ್ತದೆ. ತಂತಿಯ ಬದಲು ಎಣ್ಣೆ ಒತ್ತುವ ಡಿಸ್ಕ್ ಬ್ರೇಕಾದರೆ ಬಲ ಪೂರ್ತಿ ಮುಟ್ಟುತ್ತದೆ. ಇದನ್ನು ಹುಡುಕಿ ನಿಪ್ಪಾಣಿ, ಅಥಣಿ, ರಾಯಬಾಗ ಸುತ್ತಿದೆ. ಎಲ್ಲ ಅಂಗಡಿಯಲ್ಲೂ ಒಂದೇ ಪ್ರಶ್ನೆ: "ಎಷ್ಟ ಜೋರ್ ಓಡತೈತ್ರಿ?" ಎಲ್ಲಿ ನಿಲ್ಲುತ್ತದೆ ಎಂದು ಒಬ್ಬನಾದರೂ ಕೇಳಬೇಡವೇ? ಒಬ್ಬ ಮಹಾಶಯನಂತೂ, "ಬ್ರೇಕ್ ಬಿಗಿ ಮಾಡಿದ್ರ ಸ್ಪೀಡ್ ಕಮ್ಮಿ ಆಗ್ತೈತ್ರಿ" ಎಂದು ನನಗೇ ಬುದ್ಧಿ ಹೇಳಿದ. ಅದಕ್ಕೇ ಅಲ್ಲವೇನಪ್ಪಾ ಬ್ರೇಕು ಇರುವುದು! ಕಡೆಗೆ ಸಿಟ್ಟಿನಲ್ಲೇ ಮೊಬೈಲಿನಲ್ಲಿ ತರಿಸಿ, ಎದುರು ನಿಂತು ಎರಡೂ ಗಾಲಿಗೆ ದಸ್ತಗೀರನಿಂದಲೇ ಹಾಕಿಸಿದೆ.

ಹೆಂಡತಿ ನನ್ನಿಂದ ಬ್ರೇಕು ಹಿಡಿಸಿ, ಹಿಂದಿನಿಂದ ಬಲವಾಗಿ ನೂಕಿ ನೋಡಿ, ಬೀಗ ತೆಗೆದಳು. ಅದೇ ಇಳಿಜಾರು. ತನ್ನ ಕೆಲಸ ನೋಡಲು ದಸ್ತಗೀರ ಹಳೆಯ ಸೈಕಲ್ಲಿನಲ್ಲಿ ಹಿಂದೆಯೇ ಬಂದ. ಆಡುಗಳು ಅಡ್ಡ ಬಂದವು. ಎರಡು ಬೆರಳಿನಲ್ಲಿ ಒತ್ತಿದೆ. ಆಹಾ, ಸೈಕಲ್ ಹೇಳಿದ ಮಾತು ಕೇಳಿ ನಿಂತಿತು! ಆನಂದಪಡುವಷ್ಟರಲ್ಲಿ ಹಿಂದಿನಿಂದ ಪರ್‍ರ್ ಎಂಬ ಸದ್ದು, ಆಮೇಲೆ ಧಡ್.

"ಹಿಂಗ ಒಮ್ಮಿಗೇ ನಿಂತ್ರ ಹೆಂಗ್ರಿ ಮಾಸ್ತರ? ಹಿಂದ ಮಂದಿ ಬರ್ತಿರ್ತಾರ!" ಎಂದು ಅವನೇ ನನ್ನ ಮೇಲೆ ಹರಿಹಾಯ್ದ. ಮೊದಲು ನಿನ್ನ ಸೈಕಲ್ಲಿಗೆ ಒಳ್ಳೆ ಬ್ರೇಕು ಹಾಕಿಕೋ ಎಂದು ಬಾಯಿಗೆ ಬಂದಂತೆ ಬೈದೆ, ಆಡುಗಳೂ ನಿಂತು ಕೇಳಿದವು.

ಮರುದಿನ ನಗುತ್ತ ಬಂದ. "ನಿಮ್ಮ ಮಾತ ಖರೇ ಐತ್ರಿ. ಹೊಸಾ ಬ್ರೇಕ್ ತಗೊಂಡೀನಿ" ಎಂದು ಕಾಲೆತ್ತಿ ತೋರಿಸಿದ. ಟಯರ್ ಅಟ್ಟೆಯ ಹೊಚ್ಚಹೊಸ ಚಪ್ಪಲಿ!

ಬೈಯಲು ಬಾಯಿ ತೆರೆದವನು ಬಗ್ಗಿ ಆ ಅಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಇನ್ನು ಮೇಲೆ ಇವನು ಹಿಂದೆ ಬರುವಾಗ ನನ್ನ ಸೊಂಟ ಉಳಿಯುವುದು ಅದು ಗಟ್ಟಿಯಿದ್ದರೆ ತಾನೆ!